ಬಾಲ್ಡರ್ಸ್ ಗೇಟ್ 3ರಲ್ಲಿ ಮಲ್ಟಿಕ್ಲಾಸ್ ಫೈಟರ್ ಕಟ್ಟುವ ಬಗೆ

ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ಬಾಲ್ಡರ್ಸ್ ಗೇಟ್ 3, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯ ನಿಯಮಗಳನ್ನು ಆಧರಿಸಿದ ಆಟ. ಮೇಜಿನ ಸುತ್ತ ಕುಳಿತು ಆಡುವ ಮೂಲ ಆಟದಲ್ಲಿ ಪಾತ್ರದ ಕ್ಲಾಸ್‌ಗೆ, ಅಂದರೆ ಅದರ ಕಸುಬಿಗೆ, ಇನ್ನೊಂದು ಕ್ಲಾಸ್ ಸೇರಿಸಿಕೊಳ್ಳಬೇಕಾದರೆ (ಇದೇ ಮಲ್ಟಿಕ್ಲಾಸ್) ನಿರ್ದಿಷ್ಟ ಗುಣಗಳ ಅಂಕ ಕನಿಷ್ಠ 13 ಇರಬೇಕೆಂಬ ಷರತ್ತಿದೆ. ಈ ವಿಡಿಯೋ ಗೇಮ್‌ನಲ್ಲಿ ಆ ಷರತ್ತನ್ನು ಕೈಬಿಟ್ಟಿರುವುದರಿಂದ ಆಯುಧಗಳಿಂದ ಹೋರಾಡುವ ಯೋಧನಾದ ಫೈಟರ್‌ಗೆ ಯಾವ ಕ್ಲಾಸನ್ನಾದರೂ ಜೋಡಿಸಬಹುದು. ಆದರೆ ಒಂದು ಪಾತ್ರಕ್ಕೆ ದೊರೆಯುವುದು ಒಟ್ಟು 12 ಲೆವೆಲ್‌ಗಳು ಮಾತ್ರ. ಬೇರೆ ಕ್ಲಾಸಿಗೆ ಕೊಟ್ಟ ಪ್ರತಿಯೊಂದು ಲೆವೆಲ್ ಫೈಟರ್‌ನ ಪಾಲಿನಿಂದಲೇ ಕಡಿತವಾಗುತ್ತದೆ. ಆದ್ದರಿಂದ ಏನನ್ನು ಪಡೆಯುತ್ತೇವೆ ಎಂಬುದಕ್ಕಿಂತ ಮೊದಲು ಏನನ್ನು ಬಿಟ್ಟುಕೊಡುತ್ತೇವೆ ಎಂಬ ಲೆಕ್ಕ ಸ್ಪಷ್ಟವಾಗಿರಬೇಕು.

ಫೈಟರ್‌ಗೆ ಮೊದಲ ಲೆವೆಲ್‌ನಲ್ಲಿ ಫೈಟಿಂಗ್ ಸ್ಟೈಲ್, ಎರಡರಲ್ಲಿ ಒಂದೇ ಸರದಿಯಲ್ಲಿ ಇನ್ನೊಂದು ಆಕ್ಷನ್ ಕೊಡುವ ಆಕ್ಷನ್ ಸರ್ಜ್, ಮೂರರಲ್ಲಿ ಉಪಕ್ಲಾಸ್, ಐದರಲ್ಲಿ ಒಂದು ಆಕ್ಷನ್‌ಗೆ ಎರಡು ಏಟು ಕೊಡುವ ಎಕ್ಸ್‌ಟ್ರಾ ಅಟ್ಯಾಕ್, ಹನ್ನೊಂದರಲ್ಲಿ ಮೂರನೆಯ ಏಟು ಸಿಗುತ್ತದೆ. 4, 6, 8 ಮತ್ತು 12ನೆಯ ಲೆವೆಲ್‌ಗಳಲ್ಲಿ ಒಂದೊಂದು ಫೀಟ್, ಅಂದರೆ ನಾವೇ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ, ದೊರೆಯುತ್ತದೆ. ಇವೆಲ್ಲವೂ ಪಾತ್ರದ ಒಟ್ಟು ಲೆವೆಲ್‌ಗೆ ಅಲ್ಲ, ಆಯಾ ಕ್ಲಾಸಿನ ಲೆವೆಲ್‌ಗೆ ಕಟ್ಟುಬಿದ್ದಿವೆ ಎಂಬುದನ್ನು ಹೊಸ ಆಟಗಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಫೈಟರ್ 3, ಬಾರ್ಬೇರಿಯನ್ 3, ರೋಗ್ 3 ಎಂದು ಸಮವಾಗಿ ಹಂಚಿಕೊಂಡ ಪಾತ್ರವು ಒಂಬತ್ತನೆಯ ಲೆವೆಲ್ ತಲುಪಿದರೂ ಅದಕ್ಕೆ ಒಂದು ಫೀಟೂ ಇರುವುದಿಲ್ಲ, ಒಂದು ಆಕ್ಷನ್‌ಗೆ ಒಂದಕ್ಕಿಂತ ಹೆಚ್ಚು ಏಟು ಹಾಕುವ ಶಕ್ತಿಯೂ ಇರುವುದಿಲ್ಲ. ಹಾಗೆಯೇ ಎರಡು ಕ್ಲಾಸ್‌ಗಳಿಂದ ಬಂದ ಎಕ್ಸ್‌ಟ್ರಾ ಅಟ್ಯಾಕ್ ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಫೈಟರ್ 5 ಮತ್ತು ಪ್ಯಾಲಡಿನ್ 5 ಸೇರಿದರೂ ಏಟು ಎರಡೇ. ಈ ಕಾರಣಕ್ಕಾಗಿ ಫೈಟರ್ ಐದನೆಯ ಲೆವೆಲ್ ತಲುಪುವವರೆಗೆ ಬೇರೆ ಕ್ಲಾಸಿನ ಕಡೆ ನೋಡಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲ ಲೆವೆಲ್ ಫೈಟರ್‌ನದೇ ಆಗಿರಬೇಕು ಎನ್ನುವುದಕ್ಕೆ ಬೇರೆ ಕಾರಣವೂ ಇದೆ. ಮಂತ್ರ, ಅಪಾಯಗಳನ್ನು ತಡೆದುಕೊಳ್ಳಲು ಉರುಳಿಸುವ ದಾಳಗಳ, ಅಂದರೆ ಸೇವಿಂಗ್ ಥ್ರೋಗಳ, ಪ್ರಾವೀಣ್ಯ ಬರುವುದು ಮೊದಲು ಆರಿಸಿದ ಕ್ಲಾಸಿನಿಂದ ಮಾತ್ರ, ಮತ್ತು ಫೈಟರ್‌ಗೆ ಅದು ಸ್ಟ್ರೆಂಗ್ತ್ (ಬಲ) ಹಾಗೂ ಕಾನ್‌ಸ್ಟಿಟ್ಯೂಷನ್‌ನಲ್ಲಿ (ದೇಹದಾರ್ಢ್ಯ) ದೊರೆಯುತ್ತದೆ. ಫೈಟರ್ ಕ್ಲಾಸ್ ಕೊಡುವ ಭಾರಿ ಕವಚದ ತರಬೇತಿಯೂ ಫೈಟರ್ ಆಗಿ ಆರಂಭಿಸಿದವರಿಗೆ ಮಾತ್ರ ಬರುತ್ತದೆ. ನಡುವೆ ಫೈಟರ್ ಸೇರಿಸಿಕೊಂಡವರಿಗೆ ಅದರಿಂದ ಮಧ್ಯಮ ಕವಚದವರೆಗೆ ಮಾತ್ರ ಅವಕಾಶ.

ಇನ್ನು ಎರಡನೆಯ ಕ್ಲಾಸನ್ನು ಆರಿಸುವ ವಿಚಾರ. ಫೈಟರ್‌ನ ಬಲವಿರುವುದು ಏಟುಗಳ ಸಂಖ್ಯೆಯಲ್ಲಿ. ಹಾಗಾಗಿ ಆ ಏಟುಗಳು ಗುರಿ ತಪ್ಪದಂತೆ ನೋಡಿಕೊಳ್ಳುವ ಕ್ಲಾಸೇ ಅದಕ್ಕೆ ತಕ್ಕ ಜೊತೆ. ಗ್ರೇಟ್ ವೆಪನ್ ಮಾಸ್ಟರ್ ಫೀಟನ್ನು ಉದಾಹರಣೆಯಾಗಿ ತೆಗೆದುಕೊಂಡು ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಎರಡು ಕೈಗಳ ಆಯುಧ ಹಿಡಿದವರಿಗೆ ಈ ಫೀಟ್ ಗುರಿಯ ಲೆಕ್ಕದಲ್ಲಿ 5 ಕಳೆದು, ಪೆಟ್ಟಿಗೆ 10 ಕೂಡಿಸುತ್ತದೆ. ನಾಲ್ಕನೆಯ ಲೆವೆಲ್‌ನಲ್ಲಿ ಸ್ಟ್ರೆಂಗ್ತ್ 17 ಇರುವ ಫೈಟರ್‌ನ ಗುರಿಯ ಬೋನಸ್ 5. ಗ್ರೇಟ್‌ಸೋರ್ಡ್‌ನ ಸರಾಸರಿ ಪೆಟ್ಟು 10. ಏಟು ತಗಲಲು 20 ಮುಖದ ದಾಳ ಮತ್ತು ಗುರಿಯ ಬೋನಸ್ ಕೂಡಿ ಮುಟ್ಟಬೇಕಾದ ಅಂಕ, ಅಂದರೆ ಶತ್ರುವಿನ ಆರ್ಮರ್ ಕ್ಲಾಸ್, 15 ಎಂದುಕೊಂಡರೆ, ಫೀಟ್ ಬಳಸದಿದ್ದಾಗ ಏಟು ತಗಲುವ ಸಾಧ್ಯತೆ ಶೇ. 55, ಅಂದರೆ ಒಂದು ಏಟಿಗೆ ಸರಾಸರಿ 5.5 ಹಾನಿ. ಫೀಟ್ ಬಳಸಿದರೆ ಸಾಧ್ಯತೆ ಶೇ. 30ಕ್ಕೆ ಕುಸಿಯುವುದರಿಂದ, ಪೆಟ್ಟು 20 ಆದರೂ ಸರಾಸರಿ 6 ಮಾತ್ರ. ಲಾಭ ತೀರಾ ಅಲ್ಪ. ಇದಕ್ಕೆ ಪ್ರತಿ ಏಟಿನ ಗುರಿಗೂ ಒಂದು ನಾಲ್ಕು ಮುಖದ ದಾಳವನ್ನು ಕೂಡಿಸುವ ಬ್ಲೆಸ್ ಮಂತ್ರ ಸೇರಿದರೆ ಸಾಧ್ಯತೆ ಶೇ. 42.5 ಆಗಿ ಸರಾಸರಿ 8.5ಕ್ಕೆ ಏರುತ್ತದೆ. ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳುವ ಅಡ್ವಾಂಟೇಜ್ ದೊರೆತರಂತೂ ಸಾಧ್ಯತೆ ಶೇ. 51, ಸರಾಸರಿ 10.2. ಕ್ರಿಟಿಕಲ್ ಏಟುಗಳನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ.

ಈ ಎರಡು ನೆರವುಗಳು ಎರಡು ಬೇರೆ ಬೇರೆ ದಾರಿಗಳನ್ನು ತೋರಿಸುತ್ತವೆ. ಮೊದಲನೆಯದು ಫೈಟರ್ 11, ಬ್ಲೆಸ್‌ನಂಥ ದೈವಿಕ ಮಂತ್ರ ಹಾಕುವ ಕ್ಲೆರಿಕ್ 1. ಇದರಲ್ಲಿ ಕಳೆದುಕೊಳ್ಳುವುದು ಹನ್ನೆರಡನೆಯ ಲೆವೆಲ್‌ನ ಫೀಟ್ ಒಂದನ್ನೇ. ಮೂರನೆಯ ಏಟು ಉಳಿಯುತ್ತದೆ. ಕ್ಲೆರಿಕ್‌ನ ವಾರ್ ಡೊಮೇನ್ ಉಪಕ್ಲಾಸ್ ಆರಿಸಿಕೊಂಡರೆ ಬೋನಸ್ ಆಕ್ಷನ್ (ಸರದಿಯಲ್ಲಿ ಸಿಗುವ ಚಿಕ್ಕ ಹೆಚ್ಚುವರಿ ಕ್ರಿಯೆ) ವ್ಯಯಿಸಿ ಇನ್ನೊಂದು ಏಟು ಹಾಕುವ ಅವಕಾಶವೂ ಕೆಲವು ಸಲ ಸಿಗುತ್ತದೆ. ಬ್ಲೆಸ್ ಮಂತ್ರಕ್ಕೆ ಏಕಾಗ್ರತೆ ಬೇಕು, ಪೆಟ್ಟು ತಿಂದಾಗಲೆಲ್ಲ ಅದನ್ನು ಉಳಿಸಿಕೊಳ್ಳಲು ಕಾನ್‌ಸ್ಟಿಟ್ಯೂಷನ್ ಸೇವಿಂಗ್ ಥ್ರೋ ಗೆಲ್ಲಬೇಕು. ಫೈಟರ್ ಆಗಿ ಆರಂಭಿಸಿದ್ದರ ಫಲ ಇಲ್ಲಿ ಕೈಗೆ ಬರುತ್ತದೆ. ಆದರೆ ನಿಮ್ಮ ಗುಂಪಿನಲ್ಲಿ ಕ್ಲೆರಿಕ್ ಸಂಗಾತಿಯಾದ ಶ್ಯಾಡೋಹಾರ್ಟ್ ಇದ್ದು ಆಕೆಯೇ ಪ್ರತಿ ಕಾಳಗದಲ್ಲೂ ಬ್ಲೆಸ್ ಹಾಕುತ್ತಿದ್ದರೆ ಈ ದಾರಿಯ ಅರ್ಧ ಪ್ರಯೋಜನ ಆಗಲೇ ನಿಮ್ಮ ಬಳಿ ಇದೆ. ಆಗ ಎರಡನೆಯ ದಾರಿಯೇ ಲೇಸು.

ಆ ಎರಡನೆಯ ದಾರಿ ಫೈಟರ್ 8, ಬಾರ್ಬೇರಿಯನ್ 4. ಇಲ್ಲಿ ಮೂರನೆಯ ಏಟನ್ನು ಪೂರ್ತಿಯಾಗಿ ಬಿಟ್ಟುಕೊಡಬೇಕು, ಆದರೆ ಫೀಟ್‌ಗಳು ನಾಲ್ಕಕ್ಕೆ ನಾಲ್ಕೂ ಉಳಿಯುತ್ತವೆ, ಏಕೆಂದರೆ ಬಾರ್ಬೇರಿಯನ್‌ನ ನಾಲ್ಕನೆಯ ಲೆವೆಲ್‌ನಲ್ಲೂ ಒಂದು ಫೀಟ್ ಇದೆ. ಬಾರ್ಬೇರಿಯನ್‌ನ ಎರಡನೆಯ ಲೆವೆಲ್‌ನಲ್ಲಿ ದೊರೆಯುವ ರೆಕ್‌ಲೆಸ್ ಅಟ್ಯಾಕ್ ಬೇಕೆಂದಾಗ ಅಡ್ವಾಂಟೇಜ್ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಶತ್ರುಗಳಿಗೂ ನಿಮ್ಮ ಮೇಲೆ ಅಡ್ವಾಂಟೇಜ್ ಸಿಗುತ್ತದೆ. ಬಾರ್ಬೇರಿಯನ್‌ನ ರಣಾವೇಶವಾದ ರೇಜ್‌ನಲ್ಲಿರುವಾಗ ಆಯುಧಗಳ ಪೆಟ್ಟು ಅರ್ಧಕ್ಕಿಳಿಯುವುದರಿಂದ ಈ ಬೆಲೆಯನ್ನು ತಾಳಿಕೊಳ್ಳಬಹುದು. ಎರಡು ಎಚ್ಚರಿಕೆಗಳು ಮಾತ್ರ ಬೇಕು: ಭಾರಿ ಕವಚ ತೊಟ್ಟರೆ ರೇಜ್‌ನ ಪ್ರಯೋಜನ ದೊರೆಯುವುದಿಲ್ಲ, ರೇಜ್‌ನಲ್ಲಿದ್ದಾಗ ಮಂತ್ರ ಪ್ರಯೋಗವೂ ಸಾಧ್ಯವಿಲ್ಲ. ಆದ್ದರಿಂದ ಕ್ಲೆರಿಕ್ ಮತ್ತು ಬಾರ್ಬೇರಿಯನ್ ಎರಡನ್ನೂ ಒಂದೇ ಫೈಟರ್‌ಗೆ ಹೊಂದಿಸಲು ಹೋಗಬೇಡಿ. ಲೆವೆಲ್‌ಗಳ ಕ್ರಮ ಹೀಗಿರಲಿ: ಫೈಟರ್ 5 ಆದ ಕೂಡಲೇ ಬಾರ್ಬೇರಿಯನ್ 2, ಬಳಿಕ ಫೈಟರ್ 8ರವರೆಗೆ, ಕೊನೆಯ ಎರಡು ಮತ್ತೆ ಬಾರ್ಬೇರಿಯನ್‌ಗೆ.

ಫೈಟರ್ ಉಪಕ್ಲಾಸ್‌ಗಳಲ್ಲಿ ಎರಡೂ ದಾರಿಗಳಿಗೆ ಬ್ಯಾಟಲ್ ಮಾಸ್ಟರ್ ಒಪ್ಪುತ್ತದೆ. ವಿಶೇಷ ಏಟುಗಳಿಗೆ ವ್ಯಯಿಸುವ ಅದರ ಸುಪೀರಿಯಾರಿಟಿ ದಾಳಗಳು ಚಿಕ್ಕ ವಿಶ್ರಾಂತಿಯಲ್ಲೇ ಮರಳಿ ಬರುತ್ತವೆ. ಟ್ರಿಪ್ ಅಟ್ಯಾಕ್‌ನಿಂದ ಶತ್ರುವನ್ನು ನೆಲಕ್ಕೆ ಕೆಡವಿದರೆ ಹತ್ತಿರದಿಂದ ಹಾಕುವ ಮುಂದಿನ ಏಟುಗಳಿಗೆ ಅಡ್ವಾಂಟೇಜ್ ತಾನಾಗಿ ಒದಗುತ್ತದೆ.

ಗುಣಾಂಕಗಳನ್ನು ಹಂಚಲು 27 ಪಾಯಿಂಟ್‌ಗಳಿವೆ. ಅವುಗಳ ಜೊತೆಗೆ ಒಂದು ಗುಣಕ್ಕೆ 2, ಇನ್ನೊಂದಕ್ಕೆ 1 ಸೇರಿಸಿಕೊಳ್ಳಬಹುದು. ಸ್ಟ್ರೆಂಗ್ತ್ 17, ಕಾನ್‌ಸ್ಟಿಟ್ಯೂಷನ್ 16, ಡೆಕ್ಸ್‌ಟೆರಿಟಿ 14, ವಿಸ್ಡಮ್ 10, ಉಳಿದ ಎರಡು 8 ಎಂದು ಇಟ್ಟರೆ ಲೆಕ್ಕ ಸರಿಹೋಗುತ್ತದೆ. ಭಾರಿ ಕವಚ ತೊಡುವವರಿಗೆ ಡೆಕ್ಸ್‌ಟೆರಿಟಿ ಏಕೆ ಎಂದು ಕೇಳಬಹುದು. ಈ ಆಟದಲ್ಲಿ ಕಾಳಗದ ಸರದಿಯನ್ನು ನಿರ್ಧರಿಸುವುದು 20 ಮುಖದ ದಾಳವಲ್ಲ, ನಾಲ್ಕು ಮುಖದ ದಾಳ. ಆದ್ದರಿಂದ ಡೆಕ್ಸ್‌ಟೆರಿಟಿಯಿಂದ ಬರುವ 2ರ ಬೋನಸ್ ಕೂಡ ಸರದಿಯನ್ನು ಬದಲಾಯಿಸಬಲ್ಲದು. ಶತ್ರುವಿಗಿಂತ ಮೊದಲು ಆಕ್ಷನ್ ಸರ್ಜ್ ಬಳಸಿದ ಫೈಟರ್ ಎಷ್ಟೋ ಕಾಳಗಗಳನ್ನು ಮೊದಲ ಸುತ್ತಿನಲ್ಲೇ ಹಗುರ ಮಾಡುತ್ತದೆ.

ಏಟಿಗೆ ಹೆಚ್ಚಿನ ಹಾನಿ ಸೇರಿಸುವ ಪ್ಯಾಲಡಿನ್‌ನ ಡಿವೈನ್ ಸ್ಮೈಟ್‌ಗಾಗಿ ಎರಡು ಲೆವೆಲ್ ಕೊಡುವುದನ್ನು ನಾನು ಒಪ್ಪುವುದಿಲ್ಲ. ಸ್ಮೈಟ್‌ಗೆ ಬೇಕಾದ ಸ್ಪೆಲ್ ಸ್ಲಾಟ್‌ಗಳು (ಮಂತ್ರ ಪ್ರಯೋಗದ ಅವಕಾಶಗಳು) ಆಗ ಎರಡೇ ಇರುತ್ತವೆ. ಪ್ಯಾಲಡಿನ್ 10, ಫೈಟರ್ 2 ಎಂದು ತಿರುಗಿಸಿದರೆ ಅದು ಒಳ್ಳೆಯ ಪಾತ್ರವೇ, ಆದರೆ ಆಗ ಅದು ಪ್ಯಾಲಡಿನ್. ಬಿಲ್ಲುಗಾರರಿಗೆ ಗ್ಲೂಮ್ ಸ್ಟಾಕರ್ ರೇಂಜರ್ 5, ಅಸಾಸಿನ್ ರೋಗ್ 3, ಫೈಟರ್ 4 ಎಂಬ ಹೆಸರಾಂತ ಜೋಡಣೆಯಿದೆ. ಹೊಂಚು ಹಾಕಿ ಕಾಳಗ ಆರಂಭಿಸುವ ತಾಳ್ಮೆಯಿದ್ದವರು ಅದನ್ನು ಪ್ರಯತ್ನಿಸಬಹುದು.

ಕಾರ್ಯರೂಪಕ್ಕೆ ತರುವುದು ಸುಲಭ. ಲೆವೆಲ್ ಏರುವಾಗ ಪರದೆಯಲ್ಲಿ ಕಾಣುವ ‘ಆಡ್ ಕ್ಲಾಸ್’ ಗುಂಡಿಯನ್ನು ಒತ್ತಿದರೆ ಸಾಕು. ಎಲ್ಲಕ್ಕಿಂತ ಸುಲಭವಾದ ಎಕ್ಸ್‌ಪ್ಲೋರರ್ ಕಠಿಣತೆಯಲ್ಲಿ ಮಾತ್ರ ಈ ಅವಕಾಶವಿಲ್ಲ. ಆಯ್ಕೆ ಹಿಡಿಸದಿದ್ದರೆ, ಶಿಬಿರಕ್ಕೆ ಬಂದು ಸೇರುವ ವಿದರ್ಸ್ ಎಂಬ ಪಾತ್ರಕ್ಕೆ 100 ಚಿನ್ನದ ನಾಣ್ಯ ಕೊಟ್ಟು ಮೊದಲ ಲೆವೆಲ್‌ನಿಂದ ಮತ್ತೆ ಕಟ್ಟಬಹುದು. ಹುಟ್ಟಾ ಫೈಟರ್ ಆಗಿರುವ ಸಂಗಾತಿ ಲೇಜೆಲ್‌ಳನ್ನೂ ಹೀಗೆಯೇ ಬದಲಾಯಿಸಬಹುದು. ಕ್ಲೆರಿಕ್ ದಾರಿ ಹಿಡಿದವರಿಗೆ ಇದರಿಂದ ಇನ್ನೊಂದು ಅನುಕೂಲವಿದೆ: ಆರನೆಯ ಲೆವೆಲ್‌ನಲ್ಲಿ ಕ್ಲೆರಿಕ್ ಸೇರಿಸಿಕೊಂಡು ಬ್ಲೆಸ್‌ನ ಲಾಭ ಪಡೆಯುತ್ತಾ ಸಾಗಿ, ಹನ್ನೊಂದನ್ನು ತಲುಪಿದಾಗ ವಿದರ್ಸ್ ಬಳಿ ಹೋಗಿ ಹನ್ನೊಂದೂ ಲೆವೆಲ್‌ಗಳನ್ನು ಫೈಟರ್‌ಗೆ ಕೊಟ್ಟರೆ ಮೂರನೆಯ ಏಟು ತಡವಾಗದೆ ದೊರೆಯುತ್ತದೆ, ಕ್ಲೆರಿಕ್‌ನ ಆ ಒಂದು ಲೆವೆಲ್ ಅನ್ನು ಹನ್ನೆರಡರಲ್ಲಿ ಮತ್ತೆ ಸೇರಿಸಿಕೊಳ್ಳಬಹುದು.