ಲಂಡನ್ ಟ್ಯೂಬಿಗೆ ಹೊಸಬರೇ, ಚೀಲ ನೋಡಿ, ಮುಖ ನೋಡಬೇಡಿ

ಲಂಡನ್ನಿಗೆ ಹೊಸದಾಗಿ ಬಂದವರು ಟ್ಯೂಬ್, ಅಂದರೆ ಇಲ್ಲಿನ ಮೆಟ್ರೋ, ಸ್ಟೇಷನ್ನಿಗೆ ಕಾಲಿಟ್ಟ ಕೂಡಲೇ ಕೇಳುತ್ತಾರೆ, "ಇಲ್ಲಿ ಚೆಕಿಂಗ್ ಇಲ್ವಾ?" ಇಲ್ಲ. ಮೆಜೆಸ್ಟಿಕ್ ಮೆಟ್ರೋದಲ್ಲಿ ಬ್ಯಾಗು ಸ್ಕ್ಯಾನರಿಗೆ ಹಾಕಿ ಒಳಗೆ ಹೋಗಿ ನಮಗೆ ಅಭ್ಯಾಸ. ಇಲ್ಲಿ ಕಾರ್ಡು ಮುಟ್ಟಿಸಿದರೆ ಗೇಟು ತೆರೆಯುತ್ತದೆ, ಅಷ್ಟೇ.

ಕಾರ್ಡಿನ ವಿಷಯ ಹೇಳಿಬಿಡುತ್ತೇನೆ. ಇಲ್ಲಿನ ಪ್ರಯಾಣಕ್ಕೆಂದೇ ಇರುವ ಆಯ್ಸ್ಟರ್ ಕಾರ್ಡೇ ಆಗಬೇಕೆಂದಿಲ್ಲ, ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡೂ ನಡೆಯುತ್ತದೆ. ಆದರೆ ಹತ್ತುವಾಗ ಮುಟ್ಟಿಸಿದ್ದನ್ನೇ ಇಳಿದಾಗಲೂ ಮುಟ್ಟಿಸಿ. ಖಾತೆ ಒಂದೇ ಆದರೂ ಫೋನು ಬೇರೆ, ಕಾರ್ಡು ಬೇರೆ ಅಂತಲೇ ಲೆಕ್ಕ. ಅದಲುಬದಲಾದರೆ ದುಡ್ಡು ಜಾಸ್ತಿ ಹೋಗುತ್ತದೆ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ, ಎಡಗಡೆಯನ್ನು ಅವಸರದವರಿಗೆ ಬಿಡಿ.

2005ರ ಜುಲೈ 7ರ ಬೆಳಗ್ಗೆ ಇಲ್ಲಿ ಮೂರು ಟ್ಯೂಬ್ ರೈಲು, ಒಂದು ಬಸ್ಸಿನಲ್ಲಿ ಬಾಂಬು ಸಿಡಿದು 52 ಜನ ಪ್ರಾಣ ಕಳೆದುಕೊಂಡರು. ಹೈಡ್ ಪಾರ್ಕಿನಲ್ಲಿ ಅವರ ನೆನಪಿಗೆ 52 ಉಕ್ಕಿನ ಕಂಬಗಳಿವೆ. ಒಮ್ಮೆ ಹೋಗಿ ಅವುಗಳ ನಡುವೆ ನಿಂತು ಬನ್ನಿ. ಅಷ್ಟಾದ ಮೇಲೂ ಪ್ರತಿಯೊಬ್ಬರ ಬ್ಯಾಗು ನೋಡುವ ಪದ್ಧತಿ ಬರಲಿಲ್ಲ. ಬೆಳಗಿನ ಹೊತ್ತಿನ ಆ ನೂಕುನುಗ್ಗಲನ್ನು ಬಾಗಿಲಲ್ಲಿ ತಡೆದರೆ ಹೊರಗೆ ಬೆಳೆಯುವ ಸಾಲೇ ಅಪಾಯ, ಅಲ್ವಾ? ಹಾಗಾಗಿ ಇಲ್ಲಿ ಕ್ಯಾಮೆರಾ, ಪೊಲೀಸರ ಜೊತೆ ನಮ್ಮ ನಿಮ್ಮ ಕಣ್ಣೂ ಕಾವಲಿಗಿದೆ.

ಅಮ್ಮ ಮೊದಲ ಸಲ ಬಂದಾಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಟ್ಟೆ ಚೀಲ ಇಟ್ಟು ನನ್ನ ಜೊತೆ ಮ್ಯಾಪ್ ನೋಡಲು ಬಂದರು. ಹತ್ತು ಹೆಜ್ಜೆ ದೂರ ಇರಬಹುದು. ಚೀಲದಲ್ಲಿ ನನ್ನ ಗೆಳತಿಗೆ ಅಂತ ತಂದ ಚಟ್ನಿಪುಡಿ, ಕೋಡುಬಳೆ. ಅಷ್ಟರಲ್ಲಿ ಒಬ್ಬರು ಎದ್ದು ನಿಂತು "ಇದು ಯಾರದ್ದು?" ಅಂತ ಜೋರಾಗಿ ಕೇಳಿದರು. ಅಮ್ಮ ಓಡಿಹೋಗಿ ಚೀಲ ಎದೆಗವಚಿಕೊಂಡರು. ಅವರು ನಕ್ಕು ಕೂತರು. ರೈಲಿನಲ್ಲಿ ಅಮ್ಮ ಸಣ್ಣ ದನಿಯಲ್ಲಿ ಕೇಳಿದರು, "ನಮ್ಮ ಬಣ್ಣ ನೋಡಿ ಹಾಗಂದ್ರಾ?" ಇಲ್ಲಮ್ಮ, ಅವರು ಚೀಲ ನೋಡಿದರು, ನಿನ್ನನ್ನಲ್ಲ ಅಂದೆ.

ಅಮ್ಮನ ಭಯ ಸುಮ್ನೆ ಹುಟ್ಟಿದ್ದಲ್ಲ. ಅದೇ 2005ರ ಜುಲೈ 22ರಂದು ಸ್ಟಾಕ್‌ವೆಲ್ ಸ್ಟೇಷನ್ನಿನಲ್ಲಿ ಪೊಲೀಸರು ಬ್ರೆಜಿಲಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಬಾಂಬು ಹಾಕುವವನೆಂದು ತಪ್ಪಾಗಿ ತಿಳಿದು ಗುಂಡಿಟ್ಟು ಕೊಂದರು. ಅವರ ಹೆಸರು ಜೀನ್ ಚಾರ್ಲ್ಸ್ ಡಿ ಮೆನೆಜೆಸ್. ದುಡಿಯಲು ಬಂದವರು, ನಮ್ಮ ಹಾಗೆ. ಅದಕ್ಕೇ ಹೇಳುತ್ತೇನೆ: ಗಡ್ಡ, ಬುರ್ಖಾ, ಮೈಬಣ್ಣ ನೋಡಿ ಅನುಮಾನ ಪಡಬೇಡಿ. ಯಾರೂ ಹತ್ತಿರವಿಲ್ಲದ ಬ್ಯಾಗು ಕಂಡರೆ ಮುಟ್ಟಬೇಡಿ, ಯಾರದ್ದೆಂದು ಗಟ್ಟಿಯಾಗಿ ಕೇಳಿ. ಉತ್ತರ ಬರದಿದ್ದರೆ ಸಿಬ್ಬಂದಿಗೆ ತಿಳಿಸಿ, ಇಲ್ಲವೇ ರೈಲ್ವೆ ಪೊಲೀಸರ 61016ಕ್ಕೆ ಮೆಸೇಜ್ ಕಳಿಸಿ. ತುರ್ತಾದರೆ 999. ಇಂಗ್ಲಿಷ್ ತಡವರಿಸಿದರೂ ಚಿಂತೆಯಿಲ್ಲ. ಯಾವ ಸ್ಟೇಷನ್, ಯಾವ ಪ್ಲಾಟ್‌ಫಾರ್ಮ್, ಏನು ಕಂಡಿರಿ, ಇಷ್ಟು ಹೇಳಿದರೆ ಸಾಕು.