ಸುಳ್ಳು ವೇಷದ ಒಡ್ಡೋಲಗ: 1944ರ ಹಾಸ್ಯಚಿತ್ರವೊಂದನ್ನು ಊರವರಿಗೆ ತೋರಿಸುವ ಬಗೆ

ಪ್ರೆಸ್ಟನ್ ಸ್ಟರ್ಜಸ್ ಬರೆದು ನಿರ್ದೇಶಿಸಿದ 'ಹೇಲ್ ದ ಕಾಂಕರಿಂಗ್ ಹೀರೊ' ಚಿತ್ರವನ್ನು ಉಡುಪಿಯ ಯಾವುದಾದರೂ ಸಣ್ಣ ಸಭಾಂಗಣದಲ್ಲಿ ತೋರಿಸಲು ಹೊರಟವರು ಮೊದಲು ಮಳೆಗಾಲ ಕಳೆಯುವವರೆಗೆ ಕಾಯಬೇಕು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತ ಸಾಗುವ ಚಿತ್ರವಿದು. ಆಟಿಯ ಮಳೆ ತಗಡಿನ ಮಾಡಿನ ಮೇಲೆ ಬಡಿಯುತ್ತಿದ್ದರೆ ಅರ್ಧ ಹಾಸ್ಯ ನೀರುಪಾಲಾಗುತ್ತದೆ. ಸಬ್‌ಟೈಟಲ್ ಇರುವ ಪ್ರತಿಯನ್ನೇ ತರಿಸಿಕೊಳ್ಳಿ. ಅವಧಿ ಸುಮಾರು 100 ನಿಮಿಷ. ನಡುವೆ ಚಹಾಕ್ಕೆಂದು ನಿಲ್ಲಿಸಿದರೆ ಓಟ ಕೆಡುತ್ತದೆ.

ಪೀಠಿಕೆ ಐದು ನಿಮಿಷ ಮೀರಬಾರದು. ಕಥಾನಾಯಕ ವುಡ್ರೋನ ತಂದೆ ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಮರೀನ್ (ಅಮೆರಿಕದ ನೌಕಾ ಪದಾತಿದಳದ) ಯೋಧ; ಮಗನನ್ನಾದರೋ ಸೀನು-ನೆಗಡಿಯ ಅಲರ್ಜಿಗಾಗಿ ಸೇನೆ ಮನೆಗೆ ಕಳುಹಿಸಿದೆ. ಯುದ್ಧಭೂಮಿಯಲ್ಲಿದ್ದೇನೆಂದು ತಾಯಿಯನ್ನು ನಂಬಿಸಿ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಅವನನ್ನು, ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಕಾದಿ ಬಂದ ಆರು ಮಂದಿ ಮರೀನರು ಸಮವಸ್ತ್ರ ತೊಡಿಸಿ ಊರಿಗೆ ಕರೆತರುತ್ತಾರೆ. ಇಷ್ಟು ಹೇಳಿ ಸುಮ್ಮನಾಗಿ. ಮುಂದಿನದು ಪರದೆಯ ಕೆಲಸ.

ರೈಲು ನಿಲ್ದಾಣದ ಸ್ವಾಗತದ ದೃಶ್ಯದ ಬಗ್ಗೆ ಮಾತ್ರ ಒಂದು ಸುಳಿವು ಕೊಡಬಹುದು. ಯಕ್ಷಗಾನ ನೋಡಿ ಬೆಳೆದವರಿಗೆ ಅದನ್ನು ಒಡ್ಡೋಲಗ, ಅಂದರೆ ವೇಷದ ವೈಭವದ ರಂಗಪ್ರವೇಶ, ಎಂದರೆ ಸಾಕು, ಆದರೆ ಇಲ್ಲಿ ವೇಷಧಾರಿಗೆ ವೇಷ ಕಳಚುವ ಆತುರ, ಕಳಚಲು ಊರು ಬಿಡುವುದಿಲ್ಲ. ಬ್ಯಾಂಡುಗಳು ಬೇಡದ ಹೊತ್ತಿಗೆ ಬಾರಿಸುತ್ತವೆ, ಸ್ವಾಗತ ಸಮಿತಿಯ ಮುಖ್ಯಸ್ಥ ಅವುಗಳ ನಡುವೆ ಹೈರಾಣಾಗುತ್ತಾನೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನಪತ್ರದ ಪಠಣ ಇವೆಲ್ಲವನ್ನೂ ತಾಳ್ಮೆಯಿಂದ ಸಹಿಸಿದ ನಮ್ಮ ಪ್ರೇಕ್ಷಕರು ಮೊದಲು ನಗುವುದು ಅವನನ್ನು ನೋಡಿಯೇ. ಆದ್ದರಿಂದ ಇದು ಅಮೆರಿಕದ ಸಣ್ಣ ಊರಿನ ವಿಡಂಬನೆಯೆಂದು ವಿವರಿಸುವ ಶ್ರಮ ಬೇಡ.

ಯೋಧರ ಮನೆಯವರು ಸಭೆಯಲ್ಲಿದ್ದರೆ ಅಳುಕಬೇಕಾಗಿಲ್ಲ. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1944ರಲ್ಲಿ, ತೆರೆಕಂಡ ಈ ಚಿತ್ರ ಯೋಧನನ್ನು ಗೇಲಿ ಮಾಡುವುದಿಲ್ಲ. ಆ ಆರು ಮರೀನರಲ್ಲೊಬ್ಬನಾದ, ಅನಾಥನಾಗಿ ಬೆಳೆದ ಬಗ್ಸಿಗೆ ತಾಯಿಯನ್ನು ಕಾಯಿಸಿದ ಮಗನ ಮೇಲೆ ಬರುವ ಸಿಟ್ಟನ್ನು ಅದು ತಮಾಷೆಯಾಗಿ ಕಾಣುವುದಿಲ್ಲ. ಅದರ ಚಾಟಿಯೇಟು, ವೀರನೊಬ್ಬ ಸಿಕ್ಕರೆ ಸಾಕೆಂದು ಕಾದು ಕುಳಿತ ಊರಿಗೆ.

ಚರ್ಚೆಗೆ ಒಂದೇ ಪ್ರಶ್ನೆ ಸಾಕು: ಸುಳ್ಳನ್ನು ದೊಡ್ಡದು ಮಾಡಿದವರು ಯಾರು? ಕಾರ್ಯಕ್ರಮದಲ್ಲಿ ಸನ್ಮಾನವಿದ್ದರೆ ಪ್ರದರ್ಶನಕ್ಕೆ ಮೊದಲೇ ಮುಗಿಸಿಬಿಡಿ; ಚಿತ್ರ ನೋಡಿದ ಬಳಿಕ ಶಾಲು ಹೊದೆಸಿಕೊಳ್ಳಲು ಯಾವ ಮುಖ್ಯ ಅತಿಥಿಯೂ ವೇದಿಕೆ ಹತ್ತಲಾರರು.