ಶನಿವಾರ ಸಂಜೆ ಏಳೂವರೆಗೆ ನಾರ್ಥಾಂಪ್ಟನ್: ಬೆಂಗಳೂರಿನಲ್ಲಿ ಕೂತು ಇಂಗ್ಲೆಂಡಿನ ಕೆಳ ಡಿವಿಷನ್ ಫುಟ್‌ಬಾಲ್ ಬೆನ್ನು ಹತ್ತುವ ಬಗೆ

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ 2013–14ರ ಐ-ಲೀಗ್ ನೋಡಿದವರು ಜಾನ್ ಜಾನ್ಸನ್ ಮತ್ತು ಕರ್ಟಿಸ್ ಒಸಾನೊ ಅವರನ್ನು ಮರೆತಿರಲಾರರು. ಬೆಂಗಳೂರು ಎಫ್‌ಸಿ ಹುಟ್ಟಿದ ಮೊದಲ ಸೀಸನ್‌ನಲ್ಲೇ ಪ್ರಶಸ್ತಿ ಗೆದ್ದಾಗ ಡಿಫೆನ್ಸಿನ ನಡುವೆ ಆಡಿದವರು ಇವರು. ಇಂಗ್ಲೆಂಡಿನವರಾದ ಜಾನ್ಸನ್ ಬಂದದ್ದು ನಾರ್ಥಾಂಪ್ಟನ್ ಟೌನ್‌ನಿಂದ. ಕೆನ್ಯಾದ ಒಸಾನೊ ರಶ್ಡೆನ್ ಅಂಡ್ ಡೈಮಂಡ್ಸ್, ಲೂಟನ್ ಟೌನ್, ಎಎಫ್‌ಸಿ ವಿಂಬಲ್ಡನ್ ಕ್ಲಬ್‌ಗಳಿಗೆ ಆಡಿ ಬಂದವರು. ನಾರ್ಥಾಂಪ್ಟನ್, ರಶ್ಡೆನ್ ಎರಡೂ ಒಂದೇ ಕೌಂಟಿಯ ಬೂಟು ಹೊಲಿಯುವ ಊರುಗಳು. ಲೂಟನ್ ಟೋಪಿಯ ಊರು. ನಮ್ಮ ನಗರದ ಆ ಪ್ರಶಸ್ತಿಯ ಬೇರು ಅಷ್ಟು ದೂರದ ಕಸುಬಿನ ಊರುಗಳವರೆಗೆ ಹೋಗುತ್ತದೆ.

ಕೆಳ ಡಿವಿಷನ್ ಆಟಗಾರನನ್ನು ಬರೀ ಗೋಲಿನ ಲೆಕ್ಕದಿಂದ ಅಳೆಯಲು ಆಗದು. ಅವನು ಯಾಕೆ ಆ ಕ್ಲಬ್ಬಿಗೆ ಬಂದ, ಎರಡೇ ವರ್ಷಕ್ಕೆ ಯಾಕೆ ಬಿಟ್ಟ, ಕ್ಲಬ್ಬಿನ ಕೈ ಯಾಕೆ ಖಾಲಿಯಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಊರಿನಲ್ಲಿರುತ್ತದೆ. ಹಾಗಾಗಿ ಇಲ್ಲಿ ಹೇಳುವ ಕ್ರಮದಲ್ಲಿ ಆಟಗಾರನ ಜೊತೆಗೇ ಊರನ್ನೂ ಓದಬೇಕು.

ಮೊದಲು ಏಣಿ

ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ. ತಲಾ 24ರಂತೆ ಒಟ್ಟು 72. ಈ ಮೂರನ್ನೂ ಸೇರಿಸಿ ಫುಟ್‌ಬಾಲ್ ಲೀಗ್, ಚಿಕ್ಕದಾಗಿ ಲೀಗ್ ಎನ್ನುತ್ತಾರೆ. ಐದನೇ ಮೆಟ್ಟಿಲು ನ್ಯಾಷನಲ್ ಲೀಗ್. ಆರನೆಯದರಲ್ಲಿ ಅದರದೇ ಉತ್ತರ ಮತ್ತು ದಕ್ಷಿಣ ವಿಭಾಗಗಳು. ಏಳನೆಯದರಿಂದ ಮುಂದೆ ಏಣಿ ಕೊಂಬೆಯೊಡೆದು ಪ್ರದೇಶವಾರು ಹರಡುತ್ತದೆ. ಹೊಸಬರು ಮೂರರಿಂದ ಆರನೇ ಮೆಟ್ಟಿಲಿನ ಒಳಗೇ ಇರುವುದು ಒಳ್ಳೆಯದು. ಅದಕ್ಕಿಂತ ಕೆಳಗೆ ಇಷ್ಟು ದೂರಕ್ಕೆ ಸಿಗುವ ಸುದ್ದಿ ತೀರಾ ತೆಳು.

ಲೀಗ್ ಟೂನಲ್ಲಿ ಮೊದಲ ಮೂರು ಕ್ಲಬ್ ನೇರವಾಗಿ ಮೇಲೇರುತ್ತವೆ. ನಾಲ್ಕರಿಂದ ಏಳನೇ ಸ್ಥಾನದವರು ಇನ್ನೊಂದು ಜಾಗಕ್ಕಾಗಿ ಪ್ಲೇ-ಆಫ್ ಆಡುತ್ತಾರೆ. ತಳದಲ್ಲಿ ಉಳಿದವರಿಗೆ ನ್ಯಾಷನಲ್ ಲೀಗ್. 46 ಪಂದ್ಯಗಳ ಸೀಸನ್‌ನಲ್ಲಿ ಮಾರ್ಚ್ ಹೊತ್ತಿಗೆ ಪಟ್ಟಿಯ ನಡುವೆ ನಿಂತ ಕ್ಲಬ್ ಕೂಡ ಪ್ಲೇ-ಆಫ್‌ನಿಂದ ಎರಡು ಗೆಲುವಿನಷ್ಟೇ ದೂರದಲ್ಲಿರುವುದು ಸಾಮಾನ್ಯ. ಪಟ್ಟಿಯನ್ನು ಸ್ಥಾನದಿಂದ ಓದದೆ, ಏಳನೆಯವರಿಗೂ ತಳದವರಿಗೂ ಇರುವ ಪಾಯಿಂಟ್ ಅಂತರದಿಂದ ಓದಿ.

ಮೇಲಿನ, ಕೆಳಗಿನ ಮೆಟ್ಟಿಲಿನವರು ಒಟ್ಟಿಗೇ ಆಡುವ ನಾಕೌಟ್ ಟೂರ್ನಿ ಎಫ್‌ಎ ಕಪ್‌ಗೆ ಬೇರೆ ಲೆಕ್ಕ. ಲೀಗ್ ಒನ್, ಲೀಗ್ ಟೂ ಕ್ಲಬ್‌ಗಳು ನವೆಂಬರ್‌ನ ಮೊದಲ ಸುತ್ತಿಗೆ ಬರುತ್ತವೆ, ದೊಡ್ಡವರು ಜನವರಿಯ ಮೂರನೇ ಸುತ್ತಿಗೆ. ಸಣ್ಣ ಕ್ಲಬ್ಬಿಗೆ ದೊಡ್ಡ ಕ್ಲಬ್ಬಿನ ಜೊತೆ ಬಿದ್ದ ಒಂದು ಪಂದ್ಯದ ಗೇಟಿನ ಹಣ ಇಡೀ ವರ್ಷದ ಲೆಕ್ಕವನ್ನೇ ಬದಲಿಸಬಲ್ಲದು. 2024–25ರಿಂದ ಮೊದಲ ಸುತ್ತಿನಿಂದಾಚೆ ಡ್ರಾ ಆದರೆ ಮರುಪಂದ್ಯವಿಲ್ಲ. ಸಣ್ಣವರು ಇದನ್ನು ಅಷ್ಟು ಬಲವಾಗಿ ವಿರೋಧಿಸಿದ್ದು ಈ ಗೇಟಿನ ಹಣಕ್ಕಾಗಿಯೇ. ಅವರ ವಾದ ನ್ಯಾಯವಾದದ್ದು.

ಗಡಿಯಾರ

ಅಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ. ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ನಮಗದು ಸಂಜೆ 7:30. ಉಳಿದ ತಿಂಗಳು ರಾತ್ರಿ 8:30. ಮಂಗಳವಾರದ 7:45ರ ಪಂದ್ಯ ನಮಗೆ ಬುಧವಾರ ನಸುಕಿನ 12:15, ಚಳಿಗಾಲದಲ್ಲಿ 1:15. ಫೋನಿನ ಕ್ಯಾಲೆಂಡರ್‌ನಲ್ಲಿ ಪಂದ್ಯವನ್ನು ಲಂಡನ್ ಸಮಯವಲಯದಲ್ಲಿ ನಮೂದಿಸಿದರೆ ಅದು ತಾನೇ ಸರಿಹೊಂದಿಕೊಳ್ಳುತ್ತದೆ. ಭಾರತದ ಸಮಯ ಹಾಕಿ ಪ್ರತಿ ವಾರ ಮರುಕಳಿಸುವಂತೆ ಇಟ್ಟವರಿಗೆ ನವೆಂಬರ್ ಮೊದಲ ವಾರ ಒಂದು ಗಂಟೆ ಖಾಲಿ ಪರದೆ ನೋಡುವ ಪಾಡು.

ಡಿಸೆಂಬರ್, ಜನವರಿಯಲ್ಲಿ ಮೈದಾನ ಹೆಪ್ಪುಗಟ್ಟಿಯೋ ನೀರು ನಿಂತೋ ಪಂದ್ಯ ಮುಂದಕ್ಕೆ ಹೋಗುತ್ತದೆ. ರೆಫರಿ ಪಿಚ್ ನೋಡುವುದು ಹೆಚ್ಚಾಗಿ ಅಲ್ಲಿಯ ಬೆಳಗ್ಗೆ, ಅಂದರೆ ನಮ್ಮ ಮಧ್ಯಾಹ್ನದಿಂದ ಸಂಜೆಯೊಳಗೆ. ಆನ್‌ಲೈನ್‌ನಲ್ಲಿ ಪಂದ್ಯ ನೋಡುವ ಪಾಸ್ ಕೊಳ್ಳುವ ಮುನ್ನ ಸಂಜೆ ಆರರ ನಂತರ ಒಮ್ಮೆ ಕ್ಲಬ್ಬಿನ ಪ್ರಕಟಣೆ ನೋಡಿಕೊಳ್ಳಿ. ಹೀಗೆ ತಪ್ಪಿದ ಪಂದ್ಯಗಳು ಸಾಮಾನ್ಯವಾಗಿ ಮಂಗಳವಾರ ರಾತ್ರಿಗೆ ಬೀಳುತ್ತವೆ. ಆದ್ದರಿಂದ ಫೆಬ್ರುವರಿಯಲ್ಲಿ ನಿಮ್ಮ ನಿದ್ದೆಗೂ ಆಟಗಾರರ ಕಾಲಿಗೂ ಒಟ್ಟಿಗೇ ಪೆಟ್ಟು.

ನೋಡುವುದು, ಕೇಳುವುದು

ಪ್ರಸಾರದ ಹಕ್ಕು ಸೀಸನ್‌ನಿಂದ ಸೀಸನ್‌ಗೆ ಕೈ ಬದಲಿಸುತ್ತದೆ. ಮೊದಲು ಕ್ಲಬ್ಬಿನ ಸ್ವಂತ ವೆಬ್‌ಸೈಟ್‌ನಲ್ಲಿ ಹೊರದೇಶದ ವಿಡಿಯೊ ಪಾಸ್, ಆಡಿಯೊ ಪಾಸ್ ಪುಟ ತೆರೆಯಿರಿ. ಬ್ರಿಟನ್ನಿನ ಒಳಗೆ ಶನಿವಾರ 2:45ರಿಂದ 5:15ರವರೆಗೆ ಟಿವಿಯಲ್ಲಿ ಪಂದ್ಯ ತೋರಿಸುವುದಕ್ಕೆ ತಡೆಯಿದೆ. ಜನ ಮೈದಾನಕ್ಕೆ ಬರಲಿ ಎಂದು ಮಾಡಿಕೊಂಡ ನಿಯಮ ಅದು. ಹೊರದೇಶಕ್ಕೆ ಅದು ಅನ್ವಯಿಸದು. ನಮ್ಮಲ್ಲಿ ಆಗಾಗ ಬೀಳುವ ಪೇಚು ಬೇರೆ: ಆಫೀಸಿನ ಲ್ಯಾಪ್‌ಟಾಪ್‌ನ ವಿಪಿಎನ್ ಬ್ರಿಟನ್ನಿನ ಸರ್ವರ್ ಮೂಲಕ ಹೋಗುತ್ತಿದ್ದರೆ ವೆಬ್‌ಸೈಟ್ ನಿಮ್ಮನ್ನು ಅಲ್ಲಿಯವರೆಂದೇ ತಿಳಿದು ತಡೆಯುತ್ತದೆ. ಸ್ವಂತ ಫೋನಿನಲ್ಲೇ ನೋಡಿ.

ಹಣ ಕಟ್ಟುವಾಗ ಕಾರ್ಡ್ ತಿರಸ್ಕಾರವಾದರೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ವಹಿವಾಟು ಆನ್ ಆಗಿದೆಯೇ ನೋಡಿ. 2020ರಿಂದ ಹೊಸ ಕಾರ್ಡ್‌ಗಳಲ್ಲಿ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ತಿಂಗಳು ತಿಂಗಳು ತಾನೇ ಕಡಿತವಾಗುವ ಪಾಸ್ ಬೇಡ, ಅದು ನಡುವೆ ಕೈಕೊಡುತ್ತದೆ. ಮೊದಲ ಎರಡು ತಿಂಗಳು ಒಂದೊಂದೇ ಪಂದ್ಯದ ಪಾಸ್ ಸಾಕು. ಕೆಳ ಡಿವಿಷನ್‌ನಲ್ಲಿ ಆಡಿಯೊವನ್ನು ಕೀಳಾಗಿ ಕಾಣಬೇಡಿ. ಹಲವೆಡೆ ಒಂದೇ ಕ್ಯಾಮೆರಾ ಇರುತ್ತದೆ. ಆದರೆ ಕಾಮೆಂಟರಿ ಹೇಳುವವರು ವರ್ಷಾನುಗಟ್ಟಲೆ ಅದೇ ಕ್ಲಬ್ಬನ್ನು ನೋಡಿದ ಊರಿನವರು, ಯಾವ ಹುಡುಗನ ಅಣ್ಣ ಎಲ್ಲಿ ಆಡಿದ ಎಂಬುದೂ ಅವರಿಗೆ ಗೊತ್ತು.

ಸಂತೆ ಊರನ್ನು ಓದುವುದು

ನಮ್ಮ ಸಂತೆಬೆನ್ನೂರು, ಸಂತೆಮರಹಳ್ಳಿಗಳ ಹಾಗೆ ಅಲ್ಲಿಯೂ ಹೆಸರಲ್ಲೇ ಸಂತೆ ಹೊತ್ತ ಊರುಗಳಿವೆ: ಮಾರ್ಕೆಟ್ ಹಾರ್ಬರೋ, ಮಾರ್ಕೆಟ್ ಡ್ರೇಟನ್. ಸಂತೆ ನಡೆಸಲು ಅರಸನ ಸನ್ನದು ಬೇಕಿತ್ತು. 13ನೇ ಶತಮಾನದ ಒಂದು ಕಾನೂನು ಗ್ರಂಥ ಎರಡು ಸಂತೆಗಳ ನಡುವೆ ಆರು ಮೈಲಿ ಮತ್ತು ಮೂರನೇ ಎರಡು ಭಾಗದ, ಅಂದರೆ ಸುಮಾರು 10.7 ಕಿ.ಮೀ. ಅಂತರ ಹೇಳುತ್ತದೆ. ದಿನದ ನಡಿಗೆ 20 ಮೈಲಿ. ಮೂರರಲ್ಲಿ ಒಂದು ಪಾಲು ಹೋಗಲು, ಒಂದು ವ್ಯಾಪಾರಕ್ಕೆ, ಒಂದು ಕತ್ತಲಾಗುವ ಮುನ್ನ ಮನೆ ಸೇರಲು. ಅಷ್ಟು ಹತ್ತಿರ ಹತ್ತಿರ ಊರುಗಳು ಬೆಳೆದು, ರೈಲು ಬಂದು, ಒಂದೊಂದು ಊರೂ ಒಂದೊಂದು ಕಸುಬು ಹಿಡಿದು, ಆಮೇಲೆ ಒಂದೊಂದು ಕ್ಲಬ್ ಕಟ್ಟಿಕೊಂಡವು. ನಮ್ಮಲ್ಲಿ ಎಚ್‌ಎಎಲ್, ಐಟಿಐ ತಂಡಗಳು ಕಾರ್ಖಾನೆಯ ಹೆಸರು ಹೊತ್ತವು. ಅಲ್ಲಿ ಕ್ಲಬ್ಬಿಗೆ ಊರಿನ ಹೆಸರು, ಅಡ್ಡಹೆಸರಿಗೆ ಕಸುಬು.

ಅಡ್ಡಹೆಸರೇ ಒಳಹೋಗುವ ಬಾಗಿಲು. ನಾರ್ಥಾಂಪ್ಟನ್ ಕಾಬ್ಲರ್ಸ್, ಬೂಟು ಹೊಲಿಯುವವರು. ವಾಲ್ಸಾಲ್ ಸ್ಯಾಡ್ಲರ್ಸ್, ಕುದುರೆ ಜೀನು ಮಾಡುವವರು. ಯೋವಿಲ್ ಗ್ಲವರ್ಸ್, ಕೈಗವಸಿನವರು. ಬರ್ಟನ್ ಆಲ್ಬಿಯನ್ ಬ್ರೂವರ್ಸ್, ಬಿಯರಿನವರು. ಮ್ಯಾಕಲ್ಸ್‌ಫೀಲ್ಡ್ ಸಿಲ್ಕ್‌ಮೆನ್. ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಈ ಹೆಸರು ಬಿಡಿಸಿ ಹೇಳಬೇಕಿಲ್ಲ. ಎಲ್ಲ ಹೆಸರೂ ಕಸುಬಿನದಲ್ಲ ಎಂಬುದು ನೆನಪಿರಲಿ. ಕಿಡರ್‌ಮಿನ್‌ಸ್ಟರ್ ರತ್ನಗಂಬಳಿ ನೇಯ್ದ ಊರು, ಆದರೆ ಕ್ಲಬ್ಬಿನ ಹ್ಯಾರಿಯರ್ಸ್ ಎಂಬ ಹೆಸರು ಬಂದದ್ದು ಓಟದ ಸಂಘದಿಂದ.

ಮುಂದಿನ ಹೆಜ್ಜೆ ಹಳೆಯ ನಕ್ಷೆ. ಸ್ಕಾಟ್‌ಲೆಂಡಿನ ನ್ಯಾಷನಲ್ ಲೈಬ್ರರಿಯ ವೆಬ್‌ಸೈಟ್‌ನಲ್ಲಿ ಇಂಗ್ಲೆಂಡಿನ ಆರ್ಡ್‌ನೆನ್ಸ್ ಸರ್ವೆ ನಕ್ಷೆಗಳೂ ಪುಕ್ಕಟೆ ಸಿಗುತ್ತವೆ. ಹಳೆಯ ನಕ್ಷೆ ಮತ್ತು ಇಂದಿನ ಉಪಗ್ರಹ ಚಿತ್ರ ಅಕ್ಕಪಕ್ಕ ಇಡುವ ಆಯ್ಕೆ ಒತ್ತಿ, ಕ್ಲಬ್ಬಿನ ಮೈದಾನ ಹುಡುಕಿ, ಸುತ್ತ ಅರ್ಧ ಕಿಲೋಮೀಟರ್ ಏನಿತ್ತು ಎಂದು ಗುರುತು ಮಾಡಿ. ಕ್ರೂ ಅಲೆಕ್ಸಾಂಡ್ರಾದ ಮೈದಾನ ರೈಲು ನಿಲ್ದಾಣಕ್ಕೆ ಅಂಟಿಕೊಂಡಂತಿದೆ. ಹೆರಿಫರ್ಡ್‌ನ ಎಡ್ಗರ್ ಸ್ಟ್ರೀಟ್ ಮೈದಾನದ ಪಕ್ಕದಲ್ಲೇ ದನದ ಸಂತೆಯಿತ್ತು, ಕ್ಲಬ್ಬಿನ ಲಾಂಛನ ಗೂಳಿ. 2011ರಲ್ಲಿ ದನದ ಸಂತೆ ಊರಾಚೆಗೆ ಹೋಯಿತು, ಮೈದಾನ ಅಲ್ಲೇ ಉಳಿಯಿತು. ಶ್ರೂಸ್‌ಬರಿಯ ಹಳೆಯ ಮೈದಾನ ಗೇ ಮೆಡೋ ಸೆವರ್ನ್ ಹೊಳೆಯ ದಡದಲ್ಲಿತ್ತು. ಹೊಳೆಗೆ ಹಾರಿದ ಚೆಂಡನ್ನು ನಮ್ಮ ಹರಿಗೋಲಿನಂಥದೇ ಪುಟ್ಟ ದೋಣಿಯಲ್ಲಿ ಹೋಗಿ ತರುತ್ತಿದ್ದರು.

ಇಲ್ಲಿ ಎಡವುವುದು ಮೈದಾನ ಬದಲಾದ ಕ್ಲಬ್‌ಗಳಲ್ಲಿ. ನಾರ್ಥಾಂಪ್ಟನ್ 1994ರಲ್ಲಿ ಊರಂಚಿನ ಸಿಕ್ಸ್‌ಫೀಲ್ಡ್ಸ್‌ಗೆ ಹೋಯಿತು. ಅದರ ಸುತ್ತ ಹುಡುಕಿದರೆ ಊರು ಕಾಣದು. ಮೊದಲು ಆಡುತ್ತಿದ್ದದ್ದು ಕೌಂಟಿ ಗ್ರೌಂಡ್‌ನಲ್ಲಿ. ಅದು ಕ್ರಿಕೆಟ್ ಮೈದಾನವೂ ಆಗಿದ್ದರಿಂದ ಮೂರೇ ಬದಿಗೆ ಗ್ಯಾಲರಿ. ನಕ್ಷೆಯಲ್ಲಿ ಹಳೆಯ ವಿಳಾಸವನ್ನೇ ಹಾಕಬೇಕು. ಗ್ರಿಮ್ಸ್‌ಬಿ ಟೌನ್ ಆಡುವುದಂತೂ ಗ್ರಿಮ್ಸ್‌ಬಿಯಲ್ಲೇ ಅಲ್ಲ, ಪಕ್ಕದ ಕ್ಲೀಥೋರ್ಪ್ಸ್‌ನಲ್ಲಿ.

ಊರಿನ ಹಣ ಕ್ಲಬ್ಬಿಗೆ ಹರಿಯುವುದನ್ನು ಕಲಿಯಲು ರಶ್ಡೆನ್‌ಗಿಂತ ಒಳ್ಳೆಯ ಪಾಠವಿಲ್ಲ. 1992ರಲ್ಲಿ ರಶ್ಡೆನ್ ಟೌನ್ ಮತ್ತು ಅರ್ಥ್ಲಿಂಗ್‌ಬರೋ ಡೈಮಂಡ್ಸ್ ಎಂಬ ಎರಡು ಪುಟ್ಟ ಕ್ಲಬ್‌ಗಳನ್ನು ಕೂಡಿಸಿದವರು ಡಾಕ್ಟರ್ ಮಾರ್ಟೆನ್ಸ್ ಬೂಟಿನ ಮಾಲೀಕ ಮ್ಯಾಕ್ಸ್ ಗ್ರಿಗ್ಸ್. ಅವರ ಕುಟುಂಬ ಆ ಬೂಟನ್ನು 1960ರಿಂದ ಅದೇ ಕೌಂಟಿಯಲ್ಲಿ ಮಾಡುತ್ತಿತ್ತು. 2001ಕ್ಕೆ ಕ್ಲಬ್ ಫುಟ್‌ಬಾಲ್ ಲೀಗ್ ಸೇರಿತು, 2003ಕ್ಕೆ ನಾಲ್ಕನೇ ಮೆಟ್ಟಿಲು ಗೆದ್ದಿತು. ಅದೇ 2003ರಲ್ಲಿ ಬೂಟಿನ ತಯಾರಿಕೆಯ ಬಹುಪಾಲು ಏಷ್ಯಾಕ್ಕೆ ಹೋಯಿತು. 2004ರಲ್ಲಿ ಕ್ಲಬ್ ಕೆಳಗಿಳಿಯಿತು, 2005ರಲ್ಲಿ ಗ್ರಿಗ್ಸ್ ಅದನ್ನು ಅಭಿಮಾನಿಗಳ ಟ್ರಸ್ಟ್‌ಗೆ ಬಿಟ್ಟುಕೊಟ್ಟರು, 2006ರಲ್ಲಿ ಲೀಗ್‌ನಿಂದಲೇ ಹೊರಬಿತ್ತು. ಒಸಾನೊ ಅಲ್ಲಿ ಆಡಿದ್ದು ಈ ಇಳಿಜಾರಿನ ನಂತರ. 2011ರಲ್ಲಿ ಹಣದ ಮುಗ್ಗಟ್ಟಿನಿಂದ ಕ್ಲಬ್ಬೇ ಮುಚ್ಚಿತು. ಅಭಿಮಾನಿಗಳು ಎಎಫ್‌ಸಿ ರಶ್ಡೆನ್ ಅಂಡ್ ಡೈಮಂಡ್ಸ್ ಎಂದು ಹೊಸದಾಗಿ ಕಟ್ಟಿದರು. ನೀವು ಆರಿಸುವ ಕ್ಲಬ್ಬಿಗೂ ಇಂಥದೇ ಎರಡು ಸಾಲು ಬರೆಯಿರಿ: ಎಡಕ್ಕೆ ಊರಿನ ಉದ್ಯೋಗದ ಇಸವಿಗಳು, ಬಲಕ್ಕೆ ಕ್ಲಬ್ಬಿನ ಏರಿಳಿತದ ಇಸವಿಗಳು.

ಆಟಗಾರರ ಪುಸ್ತಕ

ಒಂದು ಸ್ಪ್ರೆಡ್‌ಶೀಟ್ ಸಾಕು. ಹೆಸರು, ಹುಟ್ಟಿದ ಊರು, ವರ್ಷ, ಹಿಂದಿನ ಕ್ಲಬ್, ಬಂದ ಬಗೆ, ಒಪ್ಪಂದ ಮುಗಿಯುವ ವರ್ಷ, ಹೋದ ಕಡೆ. ಇವುಗಳಲ್ಲಿ ‘ಬಂದ ಬಗೆ’ ಎಂಬ ಕಾಲಂ ಎಲ್ಲಕ್ಕಿಂತ ಮುಖ್ಯ. ಲೋನ್ ಮೇಲೆ, ಅಂದರೆ ಬೇರೆ ಕ್ಲಬ್ಬಿನಿಂದ ಕೆಲಕಾಲಕ್ಕೆ ಎರವಲಾಗಿ ಬಂದವನೋ, ಪೂರ್ತಿ ಬಂದವನೋ, ಒಪ್ಪಂದವೇ ಇಲ್ಲದೆ ಆಡುವವನೋ? ಲೋನ್ ಹುಡುಗನನ್ನು ದೊಡ್ಡ ಕ್ಲಬ್ ಜನವರಿಯಲ್ಲಿ ವಾಪಸ್ ಕರೆಸಿಕೊಳ್ಳಬಹುದು. ಡಿಸೆಂಬರ್‌ನಲ್ಲಿ ಗೆಲ್ಲುತ್ತಿದ್ದ ತಂಡ ಫೆಬ್ರುವರಿಯಲ್ಲಿ ಸೋಲಲು ಹಲವು ಬಾರಿ ಇದೇ ಕಾರಣ. ಜಾನ್ಸನ್ ಮೊದಲು ಮಿಡಲ್ಸ್‌ಬರೋದಿಂದ ಲೋನ್ ಮೇಲೆ ನಾರ್ಥಾಂಪ್ಟನ್‌ಗೆ ಬಂದು, ಆಮೇಲೆ ಅಲ್ಲೇ ಪೂರ್ತಿ ಸೇರಿದವರು. ಒಬ್ಬ ಆಟಗಾರನ ಹೆಸರು ಹೀಗೆ ಎರಡು ಸಾಲಿನಲ್ಲಿ ಬಂದರೆ ಊರಿಗೂ ಅವನಿಗೂ ಹೊಂದಿಕೊಂಡಿದೆ ಎಂದೇ ಓದಿಕೊಳ್ಳಿ. ಲೀಗ್‌ಗಿಂತ ಕೆಳಗೆ ಒಪ್ಪಂದವಿಲ್ಲದ ಆಟಗಾರನನ್ನು ಬೇರೆ ಕ್ಲಬ್ ಮಾತನಾಡಿಸಬೇಕಾದರೆ ಅವನ ಕ್ಲಬ್ಬಿಗೆ ಏಳು ದಿನ ಮುಂಚೆ ತಿಳಿಸಬೇಕು. ‘ಸೆವೆನ್ ಡೇ ಅಪ್ರೋಚ್’ ಎಂದು ಸುದ್ದಿ ಬಂದರೆ ಅವನು ಹೊರಟ ಎಂದೇ ಹೆಚ್ಚುಪಾಲು ಅರ್ಥ.

ಸುದ್ದಿಗೆ ಕ್ಲಬ್ಬಿನ ಪ್ರಕಟಣೆಯ ಜೊತೆ ಊರಿನ ಪತ್ರಿಕೆ ಓದಲೇಬೇಕು. ನಾರ್ಥಾಂಪ್ಟನ್‌ಗೆ ಕ್ರಾನಿಕಲ್ ಅಂಡ್ ಎಕೋ, ಶ್ರೂಸ್‌ಬರಿಗೆ ಶ್ರಾಪ್‌ಶೈರ್ ಸ್ಟಾರ್, ಹೆರಿಫರ್ಡ್‌ಗೆ ಹೆರಿಫರ್ಡ್ ಟೈಮ್ಸ್. ಕ್ರೀಡಾ ಪುಟ ಮಾತ್ರ ಓದಿ ನಿಲ್ಲಿಸಬೇಡಿ. ಯಾವ ಕಾರ್ಖಾನೆ ಮುಚ್ಚಿತು, ಸಂತೆ ಚೌಕದ ದುರಸ್ತಿ ಎಲ್ಲಿಗೆ ಬಂತು ಎಂಬುದೂ ಕ್ಲಬ್ಬಿನ ಗೇಟಿನ ಲೆಕ್ಕಕ್ಕೆ ಸೇರುತ್ತದೆ.

ಹೆಸರುಗಳ ಬಲೆಗೆ ಬೀಳದಿರಿ. ಇಂಗ್ಲೆಂಡ್ ಗೋಲ್‌ಕೀಪರ್ ನಿಕ್ ಪೋಪ್ ಇಪ್ಸ್‌ವಿಚ್ ಕೈಬಿಟ್ಟ ಮೇಲೆ ಆಡಿದ್ದು ಬರಿ ಟೌನ್‌ಗೆ. ಅದು ಸಫಕ್‌ನ ಸಂತೆ ಊರು ಬರಿ ಸೇಂಟ್ ಎಡ್ಮಂಡ್ಸ್‌ನ ಕ್ಲಬ್. 2011ರಲ್ಲಿ ಅಲ್ಲಿಂದಲೇ ಚಾರ್ಲ್‌ಟನ್ ಅವರನ್ನು ಕೊಂಡಿತು. 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದ ಹೊರಹಾಕಲ್ಪಟ್ಟ ಬರಿ ಎಫ್‌ಸಿ ಬೇರೆ, ಅದು ಮ್ಯಾಂಚೆಸ್ಟರ್ ಹತ್ತಿರದ್ದು. ಇನ್ನೊಂದು ಬಲೆ, ಸತ್ತು ಮತ್ತೆ ಹುಟ್ಟಿದ ಕ್ಲಬ್‌ಗಳು. 1972ರಲ್ಲಿ ನ್ಯೂಕಾಸಲ್ ಅನ್ನು ಎಫ್‌ಎ ಕಪ್‌ನಲ್ಲಿ ಮಣಿಸಿದ ಹೆರಿಫರ್ಡ್ ಯುನೈಟೆಡ್ 2014ರ ಡಿಸೆಂಬರ್‌ನಲ್ಲಿ ಮುಚ್ಚಿತು. 2015ರಲ್ಲಿ ಒಂಬತ್ತನೇ ಮೆಟ್ಟಿಲಿನಿಂದ ಶುರುವಾದದ್ದು ಹೆರಿಫರ್ಡ್ ಎಫ್‌ಸಿ. ಪಕ್ಕದ ಲೆಮ್‌ಸ್ಟರ್‌ನಲ್ಲಿ ಹುಟ್ಟಿದ ಜ್ಯಾರಡ್ ಬೋವೆನ್ ಹಳೆಯ ಕ್ಲಬ್ಬಿನ ಕೊನೆಯ ದಿನಗಳಲ್ಲಿ ಆಡಿ, 2014ರಲ್ಲಿ ಹಲ್‌ಗೆ ಹೋಗಿ, 2023ರಲ್ಲಿ ವೆಸ್ಟ್ ಹ್ಯಾಮ್‌ಗೆ ಕಾನ್ಫರೆನ್ಸ್ ಲೀಗ್ ಫೈನಲ್‌ನ 90ನೇ ನಿಮಿಷದಲ್ಲಿ ಗೋಲು ಹೊಡೆದು ಕೊಟ್ಟ ಹುಡುಗ. ಪುಸ್ತಕದಲ್ಲಿ ಹಳೆಯದಕ್ಕೂ ಹೊಸದಕ್ಕೂ ಬೇರೆ ಬೇರೆ ಸಾಲು ಇಡಿ. ಲೆಮ್‌ಸ್ಟರ್ ಎಂಬುದು ಉಚ್ಚಾರ. ಇಂಗ್ಲಿಷ್ ಕಾಗುಣಿತದಲ್ಲಿ ಲಿಯೊಮಿನ್‌ಸ್ಟರ್ ಎಂಬಂತೆ ಕಾಣುತ್ತದೆ, ಹುಡುಕುವಾಗ ಎರಡೂ ನೆನಪಿರಲಿ.

ವರ್ಷದ ಮುಖ್ಯ ದಿನ ಮೇ ತಿಂಗಳಲ್ಲಿ ಬರುತ್ತದೆ. ಲೀಗ್ ಕ್ಲಬ್‌ಗಳು ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರಿಗೆ ಹೊಸ ಒಪ್ಪಂದ ಕೊಟ್ಟಿದ್ದೇವೆ, ಯಾರನ್ನು ಬಿಡುತ್ತಿದ್ದೇವೆ ಎಂಬ ರಿಟೇನ್ಡ್ ಲಿಸ್ಟ್ ಹಾಕುವುದು ಆಗ. ಒಪ್ಪಂದಗಳು ಜೂನ್ 30ಕ್ಕೆ ಮುಗಿಯುತ್ತವೆ. 24 ವರ್ಷ ತುಂಬದವನಿಗೆ ಕ್ಲಬ್ ಹೊಸ ಒಪ್ಪಂದ ಮುಂದಿಟ್ಟಿದ್ದರೆ, ಅವನು ಬೇರೆಡೆ ಹೋದರೂ ಪರಿಹಾರದ ಹಣ ಬರುತ್ತದೆ. ಆದ್ದರಿಂದ ‘ಒಪ್ಪಂದ ನೀಡಲಾಗಿದೆ’ ಎಂಬ ಸಾಲಿನಲ್ಲಿರುವ ಕಿರಿಯರನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಬಿಟ್ಟವರ ಹೆಸರನ್ನು ಅಳಿಸಬೇಡಿ. ‘ಹೋದ ಕಡೆ’ ಕಾಲಂ ಖಾಲಿ ಬಿಟ್ಟು, ಆಗಸ್ಟ್‌ನಲ್ಲಿ ಐದು, ಆರನೇ ಮೆಟ್ಟಿಲಿನ ಕ್ಲಬ್‌ಗಳ ಹೊಸ ಪಟ್ಟಿಗಳಲ್ಲಿ ಹುಡುಕಿ. ಹಲವರು ಹುಟ್ಟಿದೂರಿನ ಆಸುಪಾಸಿನಲ್ಲೇ ಸಿಗುತ್ತಾರೆ. ಅಲ್ಲಿ ಸಿಗದವರನ್ನು ಹುಡುಕುವಾಗ ಭಾರತದ ಕ್ಲಬ್‌ಗಳ ಪಟ್ಟಿಯನ್ನೂ ಒಮ್ಮೆ ನೋಡಿ.